ಒಂದೇ ಗೆರೆ

"ಇಷ್ಟು ದುಂಡಗೆ ಬರಿ ಅಂತ ನಿಂಗೆ ಯಾವ ಬೋಳಿಮಗ ಹೇಳಿದ್ನೇ?"

ಸಾಹೇಬ ಹಾಳೆಯನ್ನು ಅವಳ ಮುಖಕ್ಕೆ ಎಸೆದ. ಅದು ಕೆನ್ನೆಗೆ ತಾಗಿ ಸ್ಟೂಲಿನ ಕೆಳಗೆ ಬಿತ್ತು. ಮಸಿಯಕ್ಕ ಬಗ್ಗಿ ಎತ್ತಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅವನ ಬಾಯಿಂದ ಅವಳು ಕೇಳದ ಬೈಗುಳ ಉಳಿದಿರಲಿಲ್ಲ. ಆದರೆ ಅಕ್ಷರ ಚೆನ್ನಾಗಿದೆ ಎಂದು ಬೈಸಿಕೊಂಡದ್ದು ಇದೇ ಮೊದಲು.

"ನನ್ನ ಕೈಬರಹ ಹೀಗಿದ್ಯಾ? ನನ್ನ ಹಾಗೆ ಬರಿ ಅಂದ್ರೆ ನನ್ನ ಹಾಗೆ ಬರೀಬೇಕು. ಸ್ವಲ್ಪ ಸೊಟ್ಟಗೆ, ಅವಸರದಲ್ಲಿ ಬರೆದ ಹಾಗೆ. ನಾಳೆ ಹನ್ನೊಂದಕ್ಕೆ ಆಯಮ್ಮ ಬರ್ತಾಳೆ. ಅಷ್ಟರೊಳಗೆ ಐವತ್ತೂ ಮುಗಿದಿರ್ಬೇಕು."

ಮೇಲಿನವರಿಗೆ ಹೊಸದೊಂದು ಹೊಳೆದಿತ್ತು. ಊರಿನ ಹುಟ್ಟು, ಸಾವು, ಮದುವೆಗಳನ್ನು ಬರೆದಿಡುವ ನೋಂದಣಿ ಅಧಿಕಾರಿಗಳಿಗೆ ಇನ್ನುಮುಂದೆ ಒಂದು ವೃತ್ತಿ ಅರ್ಹತಾ ಪತ್ರ ಇರಬೇಕು. ಅದನ್ನು ಓದಿ ಪಾಸು ಮಾಡುವುದಲ್ಲ, ಕೆಲಸ ಮಾಡಿ ತೋರಿಸಿ ಗಳಿಸುವುದು. ಮೊದಲು ಪ್ರಯೋಗ ಮಾಡಿ ನೋಡೋಣವೆಂದು ಆರು ಕಚೇರಿಗಳನ್ನು ಆರಿಸಿದ್ದರು, ಅದರಲ್ಲಿ ಇದೂ ಒಂದು. ಅಧಿಕಾರಿ ತನ್ನ ಕೈಯಾರೆ ಬರೆದ ಐವತ್ತು ದಾಖಲೆಗಳನ್ನು ಕಡತ ಮಾಡಿಡಬೇಕು. ಪರೀಕ್ಷಕಿಯೊಬ್ಬರು ಬಂದು ಅದನ್ನು ನೋಡಿ, ಎದುರಿಗೇ ಒಂದಷ್ಟು ಕೆಲಸ ಮಾಡಿಸಿ, ಯೋಗ್ಯನೋ ಅಲ್ಲವೋ ಎಂದು ಬರೆದುಕೊಂಡು ಹೋಗುತ್ತಾರೆ. ಪತ್ರ ಸಿಕ್ಕವರಿಗೆ ಬಡ್ತಿ.

ತೊಡಕು ಒಂದೇ. ಸಾಹೇಬ ಆ ಪುಸ್ತಕಗಳಲ್ಲಿ ರುಜು ಬಿಟ್ಟರೆ ಇನ್ನೊಂದಕ್ಷರ ಬರೆದವನಲ್ಲ.

ಬರೆದವಳು ಮಸಿಯಕ್ಕ. ಕಚೇರಿಯ ಪಟ್ಟಿಯಲ್ಲಿ ಅವಳು ಕಸ ಗುಡಿಸುವವಳು. ಬರೀ ಗುಡಿಸಿದ್ದು ಮೊದಲ ಎರಡು ತಿಂಗಳು ಮಾತ್ರ. ಆಗ ಇದ್ದ ಮುದಿ ಗುಮಾಸ್ತನಿಗೆ ಕಣ್ಣು ಮಂಜಾಗಿತ್ತು. ಗುಡಿಸುವವಳಿಗೆ ಅಕ್ಷರ ಬರುತ್ತದೆಂದು ಗೊತ್ತಾದದ್ದೇ ಅವಳ ಕೈಗೆ ಪೆನ್ನು ಕೊಟ್ಟು ಕೆಲಸ ಕಲಿಸಿ ನಿವೃತ್ತನಾಗಿ ಹೋದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಹಾಕುವ ಅಗತ್ಯವೂ ಸಾಹೇಬನಿಗೆ ಕಾಣಲಿಲ್ಲ. ಜನರಿಗೆ ಕಾಣದ ಹಾಗೆ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅವಳಿಗೊಂದು ಸ್ಟೂಲು ಹಾಕಿಸಿದ. ಕಿಟಕಿಗೆ ಬಂದ ಅರ್ಜಿ ಸಂದಿಗೆ ಹೋಗುತ್ತಿತ್ತು, ಬರೆದ ಪುಸ್ತಕ ಸಂದಿಯಿಂದ ಹೊರಗೆ ಬರುತ್ತಿತ್ತು, ಸಾಹೇಬ ರುಜು ಎಳೆಯುತ್ತಿದ್ದ. ಸಂಜೆ ಎದ್ದು ಅವಳೇ ಕಸ ಗುಡಿಸಿ ಬೀಗ ಹಾಕಿ ಹೋಗುತ್ತಿದ್ದಳು. ಹತ್ತೊಂಬತ್ತು ವರ್ಷ ಈ ಊರಿನವರು ಹುಟ್ಟಿದ್ದೂ ಸತ್ತದ್ದೂ ಅವಳ ಬೆರಳಿನಲ್ಲೇ. ಬೆರಳಿಗೆ ಹತ್ತಿದ ಮಸಿ ಹೋಗದೆ ಅದೇ ಅವಳ ಹೆಸರಾಯಿತು. ವರ್ಷಕ್ಕೊಮ್ಮೆ ಅವಳ ಕೆಲಸ ಮುಂದುವರಿಯಬೇಕಾದರೆ ಸಾಹೇಬನದೇ ಒಂದು ರುಜು ಬೇಕು, ಆದ್ದರಿಂದ ಬೈಗುಳ ಎಷ್ಟೇ ಬರಲಿ, ನುಂಗಿಕೊಂಡಿದ್ದಳು.

ಮುದಿ ಗುಮಾಸ್ತ ಕಲಿಸಿದ್ದರಲ್ಲಿ ಒಂದನ್ನು ಅವಳು ಎಂದೂ ಮೀರಿದವಳಲ್ಲ. ಪುಸ್ತಕದಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ಕೆರೆಯುವಂತಿಲ್ಲ, ಮೇಲೆ ಏನನ್ನೂ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು. ಗೆರೆಯ ಕೆಳಗಿನದು ಓದುವ ಹಾಗಿರಬೇಕು. ಸರಿಯಾದದ್ದನ್ನು ಪಕ್ಕದ ಷರಾ ಕಾಲಂನಲ್ಲಿ ಕೆಂಪು ಮಸಿಯಲ್ಲಿ ಬರೆದು, ಯಾವ ಆಧಾರದ ಮೇಲೆ, ಯಾರು ಬಲ್ಲವರು ಎಂದು ನಮೂದಿಸಬೇಕು. ಕೊನೆಗೆ ಅಧಿಕಾರಿಯ ರುಜು.

ಅವತ್ತು ಮಧ್ಯಾಹ್ನ ಸಾಹೇಬ ಊಟಕ್ಕೆ ಹೋದಾಗ ಮೈದುನ ಹಿಂದಿನ ಕಿಟಕಿಗೆ ಬಂದ. ಅವನಿಗೆ ಚರಂಡಿಯ ಗುಂಡಿಗಳನ್ನು ತೆಗೆಯುವ ಕೆಲಸ. ಎಷ್ಟು ತೊಳೆದುಕೊಂಡರೂ ಬಿಡದ ಆ ವಾಸನೆಗೆ ನಾಚಿ ಅವನು ಯಾವಾಗಲೂ ಕಿಟಕಿಯಿಂದ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದ. ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ, ಯಂತ್ರ ತರಿಸಿ ಎಂದು ಹದಿನಾಲ್ಕು ಮಂದಿ ಹೆಬ್ಬೆಟ್ಟು ಒತ್ತಿ ಕೊಟ್ಟ ಮನವಿಗೆ ಪುರಸಭೆಯಿಂದ ಉತ್ತರ ಬಂದಿತ್ತು. ಅಕ್ಷರ ಕೂಡಿಸಿ ಓದುವಷ್ಟೇ ಬರುವ ಅವನು ಅದನ್ನು ಯಾರಿಂದಲೋ ಓದಿಸಿಕೊಂಡು, ಹಿಡಿದುಕೊಂಡು ಬಂದಿದ್ದ.

"ಇಲ್ಲಿ ಗುಂಡಿಗಿಳಿದು ಸತ್ತವರ ಸಂಖ್ಯೆ ಸೊನ್ನೆ ಅಂತೆ ಅತ್ತಿಗೆ. ಮರಣದ ಪುಸ್ತಕ ತೆಗೆದು ನೋಡಿಯೇ ಬರೆದಿದ್ದಾರಂತೆ. ಅದಕ್ಕೇ ಯಂತ್ರ ಬೇಕಾಗಿಲ್ಲ. ಸೋಮವಾರ ಮಾರ್ಕೆಟ್ ಪಕ್ಕದ ದೊಡ್ಡ ಗುಂಡಿಗೆ ನಾನೇ ಇಳೀಬೇಕು."

ಅವಳು ಕಾಗದ ಓದಿದಳು. ಸೊನ್ನೆಯನ್ನು ಅಚ್ಚುಕಟ್ಟಾಗಿ ಟೈಪು ಮಾಡಿದ್ದರು.

"ಸೊನ್ನೆ ಅಂದ್ರೆ, ಅವತ್ತು ನಾನು ಹಗ್ಗ ಹಾಕಿ ಮೇಲಕ್ಕೆ ಎಳೆದಿದ್ದು ಯಾರನ್ನ?" ಎಂದ ಮೈದುನ.

ಎಳೆದದ್ದು ಅವನ ಅಣ್ಣನನ್ನು, ಅವಳ ಗಂಡನನ್ನು. ಆರು ವರ್ಷವಾಗಿತ್ತು. ಅವತ್ತು ಹೆಣ ಇನ್ನೂ ಆಸ್ಪತ್ರೆಯ ಪಡಸಾಲೆಯಲ್ಲಿರುವಾಗಲೇ ಸಾವಿನ ಚೀಟಿ ಕಚೇರಿಗೆ ಬಂದಿತ್ತು. ಚೀಟಿಯಲ್ಲಿ ವೈದ್ಯರು ಇದ್ದದ್ದನ್ನು ಇದ್ದ ಹಾಗೆಯೇ ಬರೆದಿದ್ದರು: ಗುಂಡಿಯ ವಿಷಗಾಳಿ, ಉಸಿರುಗಟ್ಟಿ ಸಾವು. ಸಾಹೇಬ ಅದನ್ನು ಓದಿ ಹರಿದು ಎರಡು ಮಾಡಿ ಕಸದ ಬುಟ್ಟಿಗೆ ಹಾಕಿದ. ಗುಂಡಿ ತೆಗೆಸುವ ಗುತ್ತಿಗೆದಾರ ಅವನ ಷಡ್ಡಕ. "ಹೃದಯ ನಿಂತು ಸಾವು, ಸಹಜ ಅಂತ ಬರಿ," ಎಂದ. ಅವಳ ಕೈ ಏಳದಿದ್ದಾಗ, "ಯಾರೇ ಸತ್ರೂ ಕೊನೆಗೆ ಹೃದಯ ನಿಂತೇ ಸಾಯೋದಲ್ವೇನೇ, ಮುಂಡೆ?" ಎಂದು ನಕ್ಕ. ಅವಳ ಆ ವರ್ಷದ ಮುಂದುವರಿಕೆ ಪತ್ರ ಮೇಜಿನ ಮೇಲೆಯೇ ಇತ್ತು. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದಳು. ಅವಳು ಬರೆದಳು, ಅದೂ ದುಂಡಗೆ. ಆ ಗಳಿಗೆಯಿಂದ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯ.

ಸಂಜೆ ಗುಡಿಸುವಾಗ ಬುಟ್ಟಿಯಿಂದ ಆ ಎರಡು ತುಂಡುಗಳನ್ನು ಎತ್ತಿಕೊಂಡಿದ್ದಳು. ಅಂಟಿಸಿ, ಬೀರುವಿನ ಕೆಳಗಿನ ಅರೆಗೆ ಹಾಸಿದ್ದ ಕಾಗದದ ಅಡಿಯಲ್ಲಿಟ್ಟಳು. ಯಾಕೆ ಇಟ್ಟೆನೆಂದು ಅವಳಿಗೂ ಗೊತ್ತಿರಲಿಲ್ಲ.

ಆ ಸೊನ್ನೆ ಯಾರ ಅಕ್ಷರದಿಂದ ಬಂದದ್ದೆಂದು ಮೈದುನನಿಗೆ ತಿಳಿದಿತ್ತು, ಆದರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕಿಂತ ಅವನು ನಾಲ್ಕು ಬಾರಿಸಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನಾಳೆ ಹನ್ನೊಂದಕ್ಕೆ ಬಾ. ಹಿಂದಿನ ಕಿಟಕಿಗಲ್ಲ, ಮುಂದಿನ ಕಿಟಕಿಗೆ," ಎಂದಳು.

ಮರುದಿನ ಪರೀಕ್ಷಕಿ ಹೇಳಿದ ಹೊತ್ತಿಗೇ ಬಂದರು. ತೆಳ್ಳಗಿನ ಹೆಂಗಸು, ಕತ್ತಿಗೆ ತೂಗುಹಾಕಿಕೊಂಡ ಕನ್ನಡಕ, ಕೈಯಲ್ಲಿ ಟಿಕ್ ಹಾಕುವ ಪಟ್ಟಿ. ಸಾಹೇಬ ಹೊಸ ಅಂಗಿ ತೊಟ್ಟು ಬಂದಿದ್ದ. ಸೊಟ್ಟ ಅಕ್ಷರದ ಐವತ್ತು ಹಾಳೆಗಳನ್ನು ನೋಡಿ ಅವರು ತಲೆಯಾಡಿಸಿದರು. ಆಮೇಲೆ, ಅವನು ಬೇಡವೆನ್ನುವಷ್ಟರಲ್ಲಿ, ಕಪಾಟಿನಿಂದ ಮೂಲ ಪುಸ್ತಕವೊಂದನ್ನು ಎಳೆದು ಬಿಚ್ಚಿದರು. ಈ ದುಂಡು ಅಕ್ಷರ ಯಾರದೆಂದು ಕೇಳಿದರು.

"ನನ್ನದೇ ಮೇಡಂ. ಮನಸ್ಸು ಸಮಾಧಾನವಾಗಿದ್ದಾಗ ಹಾಗೆ ಬರೀತೀನಿ," ಎಂದ ಸಾಹೇಬ.

ಹತ್ತೊಂಬತ್ತು ವರ್ಷದ ಸಮಾಧಾನ. ಸಂದಿಯಲ್ಲಿ ಕೂತಿದ್ದ ಮಸಿಯಕ್ಕನಿಗೆ ಎದೆ ಉರಿದುಹೋಯಿತು. ಎದ್ದು ಬೀರುವಿನ ಮುಂದೆ ಬಂದು ನಿಂತಳು. ಬೆರಳಿನ ಮಸಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಅದು ತನ್ನ ಅಕ್ಷರವೆಂದಳು. ಕೆಲಸ ಮಾಡಿ ತೋರಿಸಿದವರಿಗೆ ಪತ್ರ ಕೊಡುವುದಾದರೆ ತಾನೂ ಪರೀಕ್ಷೆಗೆ ಕೂರಬಹುದೇ ಎಂದು ಕೇಳಿದಳು.

ಪರೀಕ್ಷಕಿ ಅವಳ ಬೆರಳುಗಳನ್ನು ನೋಡಿದರು, ಅಕ್ಷರ ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದ ಮೇಲೂ ಅವರು ಪಟ್ಟಿಯನ್ನೇ ತಿರುವಿ ಅವಳ ಹುದ್ದೆ ಯಾವುದೆಂದು ಕೇಳಿದರು. ಹೇಳಿದಳು.

"ಈ ಪತ್ರಕ್ಕೆ ಆ ಹುದ್ದೆ ಬರೋದಿಲ್ಲಮ್ಮ," ಎಂದರು ಮೆತ್ತಗೆ. "ಶುಚಿತ್ವದವರಿಗೆ ಬೇರೆ ಪತ್ರ ಬರ್ತಾ ಇದೆ. ಮುಂದಿನ ವರ್ಷ ನೀವು ಅದಕ್ಕೆ ಹಾಕ್ಬಹುದು."

ಸಾಹೇಬನ ಬೈಗುಳಗಳೆಲ್ಲ ಸೇರಿದರೂ ಆ ಮೆತ್ತನೆಯ ಮಾತಿನಷ್ಟು ಚುಚ್ಚಿರಲಿಲ್ಲ. ಸಾಹೇಬ ಹೊಟ್ಟೆ ಕುಣಿಸಿ ನಕ್ಕ. ಕಸಬರಿಗೆ ಯಾವ ಕೈಯಲ್ಲಿ ಹಿಡಿಯಬೇಕೆಂದು ಅಲ್ಲಿ ಪರೀಕ್ಷೆ ಮಾಡುತ್ತಾರೆ, ಅವಳು ಮೊದಲ ದರ್ಜೆಯಲ್ಲೇ ಪಾಸಾಗುತ್ತಾಳೆ ಎಂದ. ಕಿಟಕಿಯಾಚೆ ಸಾಲಿನಲ್ಲಿದ್ದ ಒಬ್ಬಿಬ್ಬರೂ ನಕ್ಕರು. ಅವರ ಹಿಂದೆ ಮೈದುನ ನಿಂತಿದ್ದ. ಅವನು ನಗಲಿಲ್ಲ.

ಕೊನೆಯದಾಗಿ ಪರೀಕ್ಷಕಿ, ತಪ್ಪಾದ ದಾಖಲೆಯೊಂದನ್ನು ತಿದ್ದಿ ತೋರಿಸಲು ಹೇಳಿದರು.

ಅಷ್ಟೇ ತಾನೇ ಎಂಬಂತೆ ಸಾಹೇಬ ಖಾನೆ ಎಳೆದು ವೈಟ್ನರ್ ಬಾಟಲಿ ತೆಗೆದು ಕುಲುಕತೊಡಗಿದ. ಪರೀಕ್ಷಕಿಯ ಪೆನ್ನು ನಿಂತಿತು. ಇದನ್ನು ಎಲ್ಲಿಗೆ ಹಚ್ಚುತ್ತೀರಿ ಎಂದು ಕೇಳಿದರು. ಏನೋ ಎಡವಟ್ಟಾಯಿತೆಂದು ಸಾಹೇಬನಿಗೆ ಹೊಳೆಯಿತು, ಏನೆಂದು ಮಾತ್ರ ಹೊಳೆಯಲಿಲ್ಲ. ಬೆವರು ಒರೆಸಿಕೊಂಡು ಬೀರುವಿನ ಕಡೆ ನೋಡಿದ.

"ಅಯ್ಯೋ, ಇದೆಲ್ಲ ನಮ್ಮಲ್ಲಿ ಗುಡಿಸೋವಳಿಗೂ ಬರುತ್ತೆ ಮೇಡಂ. ಅಷ್ಟು ಚೆನ್ನಾಗಿ ತಯಾರು ಮಾಡಿದ್ದೀನಿ. ಏ, ತೋರ್ಸೇ ಮೇಡಂಗೆ."

ಮಸಿಯಕ್ಕ ಬೀರು ತೆಗೆದಳು. ಆರು ವರ್ಷದ ಹಿಂದಿನ ಮರಣದ ಪುಸ್ತಕವನ್ನು ಹುಡುಕಬೇಕಾಗಿರಲಿಲ್ಲ. ಬಗ್ಗಿ ಕೆಳಗಿನ ಅರೆಯ ಹಾಸುಕಾಗದ ಎತ್ತಿ ಚೀಟಿ ತೆಗೆದುಕೊಂಡಳು. ಪುಸ್ತಕವನ್ನು ಸಾಹೇಬನ ಮೇಜಿನ ಮೇಲೆಯೇ ಬಿಚ್ಚಿ, ನಿಂತುಕೊಂಡೇ ಸ್ಕೇಲು ಇಟ್ಟು, 'ಹೃದಯ ನಿಂತು ಸಾವು, ಸಹಜ' ಎಂಬುದರ ಮೇಲೆ ಒಂದೇ ಗೆರೆ ಎಳೆದಳು. ಪೆನ್ನು ಬದಲಿಸಿ ಷರಾ ಕಾಲಂನಲ್ಲಿ ಕೆಂಪು ಮಸಿಯಲ್ಲಿ ಬರೆಯುತ್ತಾ, ಪರೀಕ್ಷೆಯಲ್ಲಿ ಮಾಡುವಂತೆ, ಬರೆದದ್ದನ್ನು ಗಟ್ಟಿಯಾಗಿ ಓದುತ್ತಾ ಹೋದಳು.

"ಪಟ್ಟಣದ ಚರಂಡಿ ಗುಂಡಿಗೆ ಇಳಿಸಿದ್ದರಿಂದ ವಿಷಗಾಳಿಗೆ ಉಸಿರುಗಟ್ಟಿ ಸಾವು. ಆಧಾರ, ಆಸ್ಪತ್ರೆಯ ಚೀಟಿ. ಬಲ್ಲವರು, ಹೆಣ ಮೇಲೆತ್ತಿದ ತಮ್ಮ. ಮೊದಲು ಸುಳ್ಳು ಬರೆದವಳು, ಹೆಂಡತಿ."

ಕೆಳಗೆ ತನ್ನ ಹೆಸರು ಬರೆದು, ಹುದ್ದೆ ಎಂಬಲ್ಲಿ ಕಸ ಗುಡಿಸುವವಳು ಎಂದು ಬರೆದಳು. ಅಂಟಿಸಿದ ಚೀಟಿಯನ್ನು ಪುಟಕ್ಕೆ ಗುಂಡುಪಿನ್ನು ಚುಚ್ಚಿ ಸೇರಿಸಿದಳು.

ಸಾಹೇಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಹಿಂದಕ್ಕೆ ಬಿತ್ತು. "ಸೂಳೆಮುಂಡೆ, ನನ್ನ ಅನ್ನ ತಿಂದು ನನ್ನ ಪುಸ್ತಕದಲ್ಲೇ ಹೇಲ್ತೀಯಾ?" ಎಂದವನೇ ವೈಟ್ನರ್ ಬಾಟಲಿಯ ಮುಚ್ಚಳ ತಿರುವಿ ಪುಟದ ಮೇಲೆ ಬಗ್ಗಿದ.

"ಅದನ್ನ ಹಚ್ಚಿದ್ರೆ ನಾನು ಬರ್ಕೋಬೇಕಾಗುತ್ತೆ," ಎಂದರು ಪರೀಕ್ಷಕಿ. ಇನ್ನು ಉಳಿದದ್ದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ ಎಂದು ಕನ್ನಡಕ ತೆಗೆದರು.

ಬಾಟಲಿ ಸಾಹೇಬನ ಕೈಯಲ್ಲೇ ನಿಂತಿತು. ಬಡ್ತಿ ಒಂದು ಕಡೆ, ಷಡ್ಡಕ ಒಂದು ಕಡೆ. ಅವನ ಮುಖದಲ್ಲಿ ಎರಡೂ ಗುದ್ದಾಡುತ್ತಿರುವುದನ್ನು ಮಸಿಯಕ್ಕ ನೋಡಿದಳು. ಇನ್ನು ಈ ವರ್ಷದ ರುಜು ತನಗಿಲ್ಲ ಎಂಬುದೂ ಅವಳಿಗೆ ಗೊತ್ತಾಯಿತು. ಹೆದರಿಕೆ ಬರುತ್ತದೆಂದು ಕಾದಳು, ಬರಲಿಲ್ಲ. ಪೆನ್ನನ್ನು ಅವನ ಮುಂದೆ ಹಿಡಿದಳು.

"ಬೇಡ ಅಂತಿದ್ರೆ ಹೊಡೆದುಹಾಕಿ ಸಾಹೇಬ್ರೇ. ಆದ್ರೆ ಒಂದೇ ಗೆರೆ. ಕೆಳಗಿನದು ಓದೋ ಹಾಗಿರ್ಬೇಕು."

ಸಾಹೇಬ ಪೆನ್ನು ಕಿತ್ತುಕೊಂಡು ಕೆಂಪು ಸಾಲುಗಳ ಮೇಲೆ ಗೆರೆ ಎಳೆದ. ಅದು ಸೊಟ್ಟಗೆ, ಹಾವು ಹರಿದಂತೆ, ಪುಟದ ಅಂಚಿನವರೆಗೂ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ರುಜು ಬಿಟ್ಟು ಆ ಪುಸ್ತಕಗಳಲ್ಲಿ ಅವನ ಕೈಯಿಂದ ಬಿದ್ದ ಮೊದಲ ಬರಹ ಅದೇ.

ಮಸಿಯಕ್ಕ ಪುಸ್ತಕವನ್ನು ಎತ್ತಿ, ಕಿಟಕಿಯ ಕಟ್ಟೆಯ ಮೇಲೆ ಹೊರಗಿನವರಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟಳು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೈದುನ ಈ ಸಲ ದೂರ ನಿಲ್ಲಲಿಲ್ಲ. ಕಿಟಕಿಯ ಸರಳಿಗೆ ಹಣೆ ತಾಗುವಷ್ಟು ಹತ್ತಿರ ಬಂದು, ಸೊಟ್ಟ ಗೆರೆಯ ಕೆಳಗಿನ ದುಂಡು ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದ.

"ಪ, ಟ್ಟ, ಣ, ದ..."