ಶಾಲೆಯ ಪಾಲಿನ ಕಾಲುವೆ

ಹೋದ ಆಗಸ್ಟಿನಲ್ಲಿ ನಮ್ಮ ಕೃಷಿಶಾಲೆಗೆ ಅರವತ್ತು ತುಂಬಿತು. ಆ ಬೆಳಿಗ್ಗೆ ನಾನು ಹೊಸ ಸೂಟು ತೊಟ್ಟು, ಕನ್ನಡಿಯ ಮುಂದೆ ನಿಂತು, ನಾನೇ ಬರೆದ ಶಾಲೆಯ ಇತಿಹಾಸವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಮೇಲೆ ರಾಜಧಾನಿ ಲೀಮಾದಿಂದ ದೊಡ್ಡವರು ಬರುವವರಿದ್ದರು. ಶಾಲೆಗೂ ಅದಕ್ಕೆ ಸೇರಿದ ಸಂಶೋಧನೆಯ ಹೊಲಗಳಿಗೂ ನಾನೇ ನಿರ್ದೇಶಕ. ಮೇಲಿನ ಪುಕಾಪುಕ್ಯೊ ಊರಿನಲ್ಲಿ ಹುಟ್ಟಿ ಈ ಕುರ್ಚಿಯಲ್ಲಿ ಕುಳಿತ ಮೊದಲನೆಯವನು. ಈ ಮಾತನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

"ಅರವತ್ತು ವರ್ಷಗಳಲ್ಲಿ ಒಂದು ವರ್ಷವೂ ನಮ್ಮ ಶಾಲೆ ಕಾಲುವೆಯ ಕೆಲಸಕ್ಕೆ ತಪ್ಪಿಲ್ಲ" ಎಂಬ ಸಾಲಿಗೆ ಬಂದಿದ್ದೆ. ಕೈ ಎಲ್ಲಿ ಎತ್ತಬೇಕು ಎಂದು ನೋಡಿಕೊಳ್ಳುತ್ತಿದ್ದಾಗ ಕಚೇರಿಯ ಎಡಿತ್ ಬಾಗಿಲು ತಟ್ಟಿದಳು. ಕೃಷಿ ಓದಿದವರನ್ನು ನಮ್ಮ ಕಡೆ 'ಇಂಜಿನೇರ' ಎಂದೇ ಕರೆಯುತ್ತಾರೆ.

"ಇಂಜಿನೇರಾ, ನೀವು ಕಳ್ಸಿದ ಇಬ್ರೂ ಆಳು ವಾಪಸ್ ಬಂದ್ರು."

"ಇಷ್ಟು ಬೇಗ ಮುಗೀತಾ?"

"ಶುರುವೇ ಆಗ್ಲಿಲ್ಲ. ನೀರಗಂಟಿ ಇಬ್ರಿಗೂ ಚಿಚ ಹೆಂಡ ಕುಡ್ಸಿ, ಕೈಮುಗ್ದು ಕಳಿಸ್ಬಿಟ್ರಂತೆ. 'ನೀರಿಗೆ ನಿಮ್ಮ ಗುರ್ತಿಲ್ಲ ಕಣ್ರಪ್ಪಾ' ಅಂದ್ರಂತೆ."

ಬಿತ್ತನೆಗೆ ಮುಂಚೆ ಊರೆಲ್ಲ ಸೇರಿ ಕಾಲುವೆಯ ಹೂಳೆತ್ತುವ ಹಬ್ಬ ಅದೇ ದಿನ ಬಂದಿತ್ತು. ಒಂದೊಂದು ಮನೆಗೂ ಕಾಲುವೆಯಲ್ಲಿ ಒಂದೊಂದು ಪಾಲು. ಅವರವರ ಪಾಲನ್ನು ಅವರೇ ಎತ್ತಬೇಕು, ಇಲ್ಲವೇ ಅವರ ಮನೆಯವರು. ಬೇರೆಯವರ ಪಾಲಿಗೆ ಯಾರೂ ಗುದ್ದಲಿ ಹಾಕುವಂತಿಲ್ಲ. ಹೊತ್ತು ನೆತ್ತಿಗೆ ಬರುವಾಗ ನೀರಗಂಟಿ ಹೆಸರು ಕೂಗುತ್ತಾನೆ. ಆಗ ಯಾರ ಪಾಲು ಹೂಳು ತುಂಬಿಕೊಂಡೇ ಇರುತ್ತದೋ ಅವರ ತೂಬಿಗೆ ಆ ವರ್ಷ ಕಲ್ಲು ಬಿತ್ತೆಂದೇ ಅರ್ಥ. ಶಾಲೆಗೂ ಒಂದು ಪಾಲಿದೆ. ಎಲ್ಲರಿಗಿಂತ ಹೆಚ್ಚು ನೀರು ನಮಗೇ ಬೇಕು. ಆದ್ದರಿಂದ ನಮ್ಮ ಪಾಲೇ ಎಲ್ಲರದಕ್ಕಿಂತ ಉದ್ದ.

ಅತಿಥಿಗಳ ತಾರೀಕು ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಶಾಲೆಯ ಆಳುಗಳೆಲ್ಲ ಸಭೆಯ ಸಿದ್ಧತೆಗೆ ಬೇಕಾಗಿದ್ದರು. ಹೂಳು ಹೋದರಾಯಿತು, ಗುದ್ದಲಿ ಯಾರದಾದರೇನು ಎಂದುಕೊಂಡು ಕೆಳಗಿನ ಪೇಟೆಯಿಂದ ಇಬ್ಬರು ಕೂಲಿಯವರನ್ನು ಕಳಿಸಿದ್ದೆ. ಆ ಊರಿನಲ್ಲೇ ಹುಟ್ಟಿದವನು ನಾನು! ಹೊರಗಿನವನು ಹೀಗೆ ಮಾಡಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು.

ಎಡಿತಳ ಮಾತು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ತೂಬು ಮುಚ್ಚಿದರೆ ಸಂಶೋಧನೆಯ ಹೊಲಗಳಲ್ಲಿ ಬೀಜದ ಮೆಕ್ಕೆಜೋಳ ಬಿತ್ತುವ ಹಾಗಿಲ್ಲ. ಶಾಲೆ ಕಟ್ಟಿದವರು ಊರೂರು ಅಲೆದು ಆರಿಸಿ ತಂದ ಬಿಳಿ ಮೆಕ್ಕೆಜೋಳ ಅದು. ಅಂದಿನಿಂದ ಒಂದು ವರ್ಷವೂ ಬಿತ್ತನೆ ತಪ್ಪಿರಲಿಲ್ಲ. ನನ್ನ ಕಾಲದಲ್ಲಿ, ಅದೂ ಲೀಮಾದವರ ಕಣ್ಣೆದುರಿಗೆ ತಪ್ಪಿದರೆ ನನ್ನ ಗತಿಯೇನು? ಸೂಟು ಬಿಚ್ಚಲೂ ನಿಲ್ಲದೆ ಜೀಪು ಹತ್ತಿದೆ. ನೀರಗಂಟಿ ತೆಯೋಫಾನೆಸನಿಗೆ ನಾಲ್ಕು ಮಾತು ಬಿಸಿಯಾಗಿ ಹೇಳಲೇಬೇಕಿತ್ತು.

ಜೀಪು ನಿಲ್ಲುವ ಕಡೆಯಿಂದ ಕಾಲುವೆಗೆ ಕಲ್ಲುದಾರಿ. ಹೊಸ ಬೂಟು ಕಾಲು ಕಚ್ಚುತ್ತಿತ್ತು. ಹತ್ತುತ್ತಾ ಹೋದಂತೆ, ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು ನೆನಪಾಗತೊಡಗಿತು. ಮೊದಲ ನಿರ್ದೇಶಕರಾದ ಡಾನ್ ಬಾಲ್ದೊಮೇರೊ ಹೇಸರಗತ್ತೆಯ ಮೇಲೆ ಪುಸ್ತಕದ ಪೆಟ್ಟಿಗೆ ಹೇರಿಕೊಂಡು ಬಂದವರು. ಊರಿನವರು ಕಲ್ಲುಗುಡ್ಡೆ ತೋರಿಸಿ, "ಜಾಗ ತಗೊಳ್ಳಿ. ನೀರು ಬೇಕಂದ್ರೆ ಕಾಲುವೆಗೆ ಇಳೀರಿ" ಅಂದರಂತೆ. ಅವರು ಬೂಟು ಬಿಚ್ಚಿಟ್ಟು ಇಳಿದರು. ಹೊತ್ತು ನೆತ್ತಿಗೆ ಬಂದು ನೀರಗಂಟಿ "ಶಾಲೆ!" ಎಂದು ಕೂಗಿದಾಗ ಕೆಸರಿನಲ್ಲಿ ನಿಂತೇ "ಇದ್ದೀನಿ!" ಅಂದರು. ಅಂದಿನಿಂದ ಶಾಲೆಯೂ ಕಾಲುವೆಯ ಲೆಕ್ಕದಲ್ಲಿ ಒಂದು ಮನೆ. ಎರಡನೆಯವರು ಕುದುರೆಯ ಮೇಲೆ ಬಂದರು, ಆದರೆ ಇಳಿದು ಗುದ್ದಲಿ ಹಿಡಿದರು. ಮೂರನೆಯವರು ದಡದಲ್ಲಿ ನಿಂತು ವಿದ್ಯಾರ್ಥಿಗಳನ್ನು ಇಳಿಸಿದರು. ಆಗ ಇಳಿದವರಲ್ಲಿ ನಾನೂ ಇದ್ದೆ. ನಾಲ್ಕನೆಯವರ ಕಾಲಕ್ಕೆ ಪೇಟೆಯ ತಂದೆತಾಯಿಗಳು ಮೂಗು ಮುರಿದರು. ವಿದ್ಯಾರ್ಥಿಗಳ ಬದಲು ಶಾಲೆಯ ತೋಟದ ಆಳುಗಳು ಬಂದರು. ಐದನೆಯವನು ನಾನು. ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಮೇಲೇರಿ ಕಾಲುವೆಯಿಂದ ದೂರವಾಗುತ್ತ ಬಂದಿದ್ದೆವು. ಭಾಷಣದಲ್ಲಿ ಇದನ್ನು ನಾನು "ಬೆಳವಣಿಗೆ" ಎಂದು ಬರೆದಿದ್ದೆ.

ಮೇಲೆ ತಲುಪಿದಾಗ ವಿಚಿತ್ರವೆನಿಸಿತು. ಹಬ್ಬದ ದಿನ ಡೋಲು, ಕೊಳಲು, ಹುಚ್ಚು ನಗೆ ಇರಬೇಕು. ಕೆಲಸಕ್ಕೆ ಬಾರದವರನ್ನು ಅಣಕಿಸಲು ಮುಖವಾಡದ ಕೋಡಂಗಿಗಳು ಕುಣಿಯಬೇಕು. ಆದರೆ ಊರೆಲ್ಲ ತಮ್ಮ ತಮ್ಮ ಪಾಲು ಮುಗಿಸಿ ದಡದಲ್ಲಿ ಸುಮ್ಮನೆ ಕೂತಿತ್ತು. ಕೋಕಾ ಎಲೆ ಜಗಿಯುವ ಬಾಯಿಗಳಷ್ಟೇ ಅಲುಗುತ್ತಿದ್ದವು. ಒಬ್ಬ ಕೋಡಂಗಿ ನನ್ನನ್ನು ಕಂಡೊಡನೆ ಕೊರಳಲ್ಲಿದ್ದ ಏನನ್ನೋ ಬಿಚ್ಚಿ, ಹೊದ್ದಿದ್ದ ಪೊಂಚೊ ಒಳಗೆ ಅಡಗಿಸಿದ. ಮೆಕ್ಕೆಜೋಳದ ಸಿಪ್ಪೆಯ ಟೈ ಅದು, ನನಗೆಂದೇ ಮಾಡಿದ್ದು. ಅವನು ಅದನ್ನು ಕಟ್ಟಿಕೊಂಡು ನನ್ನ ಸುತ್ತ ಕುಣಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಾಲೆಯ ಪಾಲಿನಲ್ಲಿ ಯಾರೋ ಒಬ್ಬರು ಕೆಲಸ ಮಾಡುತ್ತಿದ್ದರು. ಕಾಲುವೆ ಆಳ, ದಡದ ಮೇಲೆ ಹ್ಯಾಟು ಮಾತ್ರ ಕಾಣುತ್ತಿತ್ತು. ಹ್ಯಾಟು ಬಗ್ಗುತ್ತಿತ್ತು, ಒಂದು ಗುದ್ದಲಿ ಕೆಸರು ಮೇಲೆ ಬೀಳುತ್ತಿತ್ತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಹ್ಯಾಟು ಬಗ್ಗುತ್ತಿತ್ತು. ಆ ಹ್ಯಾಟಿನ ನೀಲಿ ಪಟ್ಟಿ ನಾನು ನಿರ್ದೇಶಕನಾದ ವರ್ಷ ತಂದುಕೊಟ್ಟದ್ದು.

"ಅಮ್ಮಾ! ಏನ್ ಮಾಡ್ತಿದ್ದೀಯಾ?"

ನನ್ನಮ್ಮ ಫೊರ್ತುನಾತ ತಲೆ ಎತ್ತಿದಳು. ಎತ್ತಿ ಕಟ್ಟಿದ ಲಂಗ, ಮೊಣಕಾಲ ತನಕ ಕೆಸರು, ಮುಖದ ತುಂಬ ನಗು.

"ಕಾಣಲ್ವೇನೋ ನಿಕು? ಹೂಳು ತೆಗೀತಿದ್ದೀನಿ. ಹತ್ರ ಬರ್ಬೇಡ, ಸಿಡಿಯುತ್ತೆ. ಎಷ್ಟು ಚೆನ್ನಾಗಿದೆಯೋ ಸೂಟು! ಒಂದ್ಸಲ ತಿರುಗು, ನೋಡ್ತೀನಿ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ನೋಡಬೇಕೆಂದೇ ಹೇಳಿದಳು. ಊರಿನ ಮುಂದೆ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಚಿಕೆಯಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಬೇರೆಯವರ ಮೇಲೆ ಹರಿಹಾಯ್ದೆ.

"ಡಾನ್ ತೆಯೋಫಾನೆಸ್! ಎಪ್ಪತ್ತು ದಾಟಿದ ಮುದುಕೀನ ಕೆಸರಿಗಿಳ್ಸಿ ಊರೆಲ್ಲ ಕೂತು ನೋಡ್ತಿದ್ದೀರಲ್ಲಾ, ನಾಚ್ಕೆ ಆಗಲ್ವಾ ನಿಮ್ಗೆ?"

ನೀರಗಂಟಿ ಬೆಳ್ಳಿಕಟ್ಟಿನ ಕೋಲನ್ನು ಮಡಿಲಿಂದ ಎತ್ತದೆಯೇ ಹೇಳಿದ: "ಆಗ್ತೈತೆ ಕಣಪ್ಪಾ. ಅದ್ಕೇ ಯಾರೂ ಮಾತಾಡ್ತಿಲ್ಲ."



"ಬೇಡ ಅಂದ್ವಿ," ಅಂದ ಅವನು. "ತನ್ನ ಪಾಲು ಬೆಳ್ಕು ಹರಿಯೋ ಹೊತ್ಗೇ ಮುಗ್ಸಿ ಕೂತಿದ್ಲು. ನಿನ್ ಕೂಲಿಯೋರು ವಾಪಸ್ ಹೋಗಿದ್ದು ಕಂಡ್ಲು ನೋಡು, ಮತ್ತೆ ಗುದ್ದಲಿ ಎತ್ಕೊಂಡ್ಲು. 'ಶಾಲೇಲಿರೋನು ನನ್ಮಗ, ಶಾಲೆ ಪಾಲೂ ನನ್ಮನೇದೇ. ಮಗಂಗೆ ಬಿಡುವಿಲ್ಲ, ನಾನ್ ಬಂದೆ' ಅಂದ್ಲು. ಮನೆಯೋರು ಎತ್ಬೋದು ಅನ್ನೋದು ನಮ್ದೇ ಕಟ್ಟಳೆ. ಏನಂತ ತಡೆಯೋದು? ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ ಮೊಸರಿಗೆ ಕೆಸರು ಯಾರ್ದು ಅಂತ ನೀನೇ ನೋಡ್ಕೋ."

ಕೋಟು ಬಿಚ್ಚಿ ದಡದ ಮೇಲೆ ಎಸೆದು ಕಾಲುವೆಗೆ ಹಾರಿದೆ. ಕೆಸರು ಬೂಟಿನೊಳಗೆ ನುಗ್ಗಿತು. ಅಮ್ಮನ ಕೈಯಿಂದ ಗುದ್ದಲಿ ಕಿತ್ತುಕೊಳ್ಳಹೋದರೆ ಅವಳು ಅದನ್ನು ಎದೆಗವಚಿಕೊಂಡಳು.

"ಬಿಡೋ! ಒಬ್ರು ಶುರು ಮಾಡಿದ ಪಾಲಿಗೆ ನಡುವೆ ಇನ್ನೊಬ್ರು ಕೈ ಹಾಕಿದ್ರೆ ನೀರು ದಾರಿ ಮರೆಯುತ್ತೆ. ಚಿಕ್ಕೋನಿದ್ದಾಗ್ಲೇ ಹೇಳ್ಕೊಟ್ಟಿದ್ನಲ್ಲಾ."

"ಅಮ್ಮಾ, ಅದೆಲ್ಲ ಸುಮ್ನೆ..."

"ಸುಮ್ನೆ ಅನ್ಬೇಡ, ಅವ್ರೆಲ್ಲ ಕೇಳಿಸ್ಕೊಳ್ತಾರೆ." ದನಿ ತಗ್ಗಿಸಿದಳು. "ನಿನ್ ಬಗ್ಗೆ ಏನೂ ಅಂದಿಲ್ಲ ಕಣೋ ಅವ್ರು. ನಾನು ಅನ್ನೋಕೆ ಬಿಡ್ಲಿಲ್ಲ. ಹೋಗು, ದೊಡ್ಡೋರು ಬರ್ತಾರೆ, ಹೊತ್ತಾಗುತ್ತೆ."

ನಾನು ಹೋಗಲಿಲ್ಲ. ಹೋಗದೆ ಏನು ಮಾಡಿದೆ ಅಂದರೆ, ಕೆಸರಿನಲ್ಲಿ ಬರಿಗೈಯಲ್ಲಿ ನಿಂತು ನೋಡಿದೆ. ಬಂಡೆಯ ತಿರುವಿನ ತನಕ ಹೂಳು ಇನ್ನೂ ಬೇಕಾದಷ್ಟಿತ್ತು. ಅವಳು ಎರಡು ಗುದ್ದಲಿ ಎತ್ತಿ ಗೋಡೆಗೆ ಒರಗುವಳು, ಉಸಿರು ಹಿಡಿತಕ್ಕೆ ಬಂದ ಮೇಲೆ ಮತ್ತೆ ಬಗ್ಗುವಳು. ಗುದ್ದಲಿಯ ಕಾವಿಗೆ ಅಂಗೈಯ ರಕ್ತ ಅಂಟಿತ್ತು. ಊರಿಗೆ ದೊರೆಯಾದರೂ ತಾಯಿಗೆ ಮಗ ಅನ್ನುತ್ತಾರೆ; ನನಗೆ ಆಗ ದೊರೆಯಾಗಿ ನಿಲ್ಲಲೂ ಆಗಲಿಲ್ಲ, ಮಗನಾಗಿ ನಿಲ್ಲಲೂ ಆಗಲಿಲ್ಲ. ದಡದಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ತಮ್ಮ ಕೆಲಸ ಮುಗಿದಿದ್ದರೂ ಅವಳದು ಮುಗಿಯುವ ತನಕ ಕಾದರು.

ಹೊತ್ತು ನೆತ್ತಿಗೆ ಬಂತು. ತೆಯೋಫಾನೆಸ್ ಎದ್ದು ಬಿಸಿಲನ್ನು ನೋಡಿದ, ಕಾಲುವೆಯನ್ನು ನೋಡಿದ, ಮತ್ತೆ ಕೂತು ಬೂಟಿನ ದಾರ ಬಿಚ್ಚಿ ನಿಧಾನವಾಗಿ ಕಟ್ಟತೊಡಗಿದ. ಒಂದು ಕಾಲಿನದಾದ ಮೇಲೆ ಇನ್ನೊಂದರದು. ಅಷ್ಟರಲ್ಲಿ ಅಮ್ಮ ಕೊನೆಯ ಗುದ್ದಲಿ ಎತ್ತಿದಳು. ಅವನು ಕೋಲು ಹಿಡಿದು ನಿಂತು, ಮೇಲಿನಿಂದ ಒಂದೊಂದೇ ಹೆಸರು ಕೂಗುತ್ತ ಬಂದ. ಒಂದೊಂದು ಮನೆಯಿಂದ ಒಂದೊಂದು ದನಿ ಓಗೊಟ್ಟಿತು.

"ಶಾಲೆ!"

ನನ್ನ ಬಾಯಿ ತಾನಾಗಿಯೇ ತೆರೆಯಿತು. ದನಿ ಹೊರಡುವ ಮುಂಚೆಯೇ ಪಕ್ಕದಿಂದ ಒಣಗಿದ, ಆದರೆ ಜೋರಾದ ಕೂಗು ಕೇಳಿಸಿತು.

"ಇದ್ದೀನಿ!"

ತೆಯೋಫಾನೆಸ್ ಅವಳಿಗೆ ಹ್ಯಾಟು ತೆಗೆದು ತಲೆ ಬಾಗಿದ. ನನ್ನ ಕಡೆ ನೋಡಲಿಲ್ಲ. ಮೇಲಿನಿಂದ ನೀರು ಬಿಟ್ಟರು. ಕಸಕಡ್ಡಿ ತಳ್ಳಿಕೊಂಡು ಬಂದ ಕಂದುನೀರು ಅಮ್ಮನ ಕಾಲು ತೊಳೆದು, ನನ್ನ ಬೂಟು ಸುತ್ತಿ, ಶಾಲೆಯ ತೂಬಿನತ್ತ ಹರಿಯಿತು.

ಸಭೆಗೆ ಊರಿನವರೆಲ್ಲ ಬಂದರು. ಕರೆದಿದ್ದೆವಲ್ಲ, ಬಂದರು. ಹಿಂದಿನ ಸಾಲಿನ ಕುರ್ಚಿಗಳಲ್ಲಿ ಅಮ್ಮನೂ ಕೂತಳು. ಕೋಟು ಹೇಗೋ ಉಳಿದಿತ್ತು. ಕೆಸರು ಪ್ಯಾಂಟನ್ನು ಮೇಜು ಮರೆಮಾಡಿತ್ತು. ಲೀಮಾದ ದೊಡ್ಡವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಇತಿಹಾಸ ಓದತೊಡಗಿದೆ. ಹೇಸರಗತ್ತೆ, ಪುಸ್ತಕದ ಪೆಟ್ಟಿಗೆ, ಬಿಳಿ ಮೆಕ್ಕೆಜೋಳ. ಆ ಸಾಲು ಹತ್ತಿರ ಬಂದಂತೆ ಅದನ್ನು ಹಾರಿಸಿಬಿಡೋಣ ಎನಿಸಿತು. ಹಾರಿಸಿದರೆ ಅವಳು ಎತ್ತಿದ ಹೂಳನ್ನು ಮತ್ತೆ ಕಾಲುವೆಗೆ ತಳ್ಳಿದ ಹಾಗೆ ಎಂದೂ ಅನಿಸಿತು. ಓದಿದೆ.

"ಅರವತ್ತು ವರ್ಷಗಳಲ್ಲಿ ಒಂದು ವರ್ಷವೂ ನಮ್ಮ ಶಾಲೆ ಕಾಲುವೆಯ ಕೆಲಸಕ್ಕೆ ತಪ್ಪಿಲ್ಲ."

ಲೀಮಾದವರು ಚಪ್ಪಾಳೆ ತಟ್ಟಿದರು. ಊರಿನವರು ತಟ್ಟಲಿಲ್ಲ. ಎಲ್ಲರೂ ಒಮ್ಮೆಗೇ ಹಿಂದಿನ ಸಾಲಿನತ್ತ ತಿರುಗಿದರು. ಅಲ್ಲಿ ಅಮ್ಮ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಮುಂದಿನ ಸಾಲು ಓದಲು ನನ್ನಿಂದಾಗಲಿಲ್ಲ.