ಆವಲಪ್ಪನ ಅಂಬಾರಿ

‘ಆವಲಪ್ಪನಿಗೆ ಕುಡಿಯದೆಯೇ ಒಬ್ಬರು ಇಬ್ಬರಾಗಿ ಕಾಣ್ತಾರೆ’ ಎಂದು ಲಗ್ಗೆರೆಯ ಅಕ್ಕಪಕ್ಕದವರು ನಗುತ್ತಿದ್ದರು. ಕಾರಣ, ಅವನ ಕ್ಯಾಮೆರಾ. ಅದರ ಪುಟ್ಟ ಕಿಟಕಿಯಲ್ಲಿ ಎದುರಿನವರ ಬಿಂಬ ಎರಡಾಗಿ ತೋರುತ್ತಿತ್ತು. ಲೆನ್ಸಿನ ಬಳೆ ತಿರುಗಿಸಿ ಒಂದನ್ನು ಇನ್ನೊಂದರ ಮೇಲೆ ಕೂರಿಸಿದರೆ ಮಾತ್ರ ಚಿತ್ರ ಸ್ಪಷ್ಟ. ಮದುವೆಗಂಡಾಗಲಿ, ತೊಟ್ಟಿಲ ಕೂಸಾಗಲಿ, “ಅಲ್ಲಾಡ್ಬೇಡಿ, ಇನ್ನೂ ಇಬ್ರಿದೀರ, ಒಬ್ರಾಗ್ಲಿ ತಡೀರಿ” ಎನ್ನುವನು. ಅಷ್ಟರಲ್ಲಿ ಕೂಸು ಅತ್ತು, ಮಲಗಿ, ಎದ್ದಿರುತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು ಅವನ ಉದ್ಯೋಗ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವ ಆ ನಿಷ್ಠುರತೆ, ಮೊಣಕೈ ಸವೆದ ನೀಲಿ ಕೋಟಿನೊಡನೆ ಮನೆಗೂ ಬರುತ್ತಿತ್ತು. ಬೀದಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ, ಅವರನ್ನು ಚೌಕಟ್ಟಿಗೆ ಹೊಂದಿಸಿಕೊಳ್ಳುವವನಂತೆ ಎರಡು ಹೆಜ್ಜೆ ಹಿಂದೆ ಸರಿಯುವನು. ಹಾಗೆ ಸರಿದು ಎರಡು ಸಲ ಚರಂಡಿಗೂ ಇಳಿದಿದ್ದ.

ಅವನನ್ನು ಸಾಕಿದವಳು ಅಕ್ಕ ಚಿಕ್ಕಮುನಿಯಮ್ಮ. ಮೈಸೂರು ದಸರೆಯ ಜಂಬೂಸವಾರಿ ನೋಡಬೇಕೆಂಬುದು ಆಕೆಯ ಬಾಲ್ಯದ ಆಸೆ. ಹಸು ಬಿಟ್ಟು ಹೋಗುವುದು ಹೇಗೆ ಎನ್ನುತ್ತಲೇ ವರ್ಷಗಳು ಕಳೆದು, ಅಂಬಾರಿಯಲ್ಲಿ ಮಹಾರಾಜರು ಕೂರುವ ಕಾಲ ಹೋಗಿ ಅಮ್ಮನವರ ಮೂರ್ತಿ ಕೂರುವ ಕಾಲವೂ ಬಂದಿತ್ತು. ೧೯೭೮ರ ದಸರೆಗೆ ಹೊರಟೇಬಿಡೋಣವೆಂದುಕೊಂಡರೆ, ಆಕೆ ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಳು.

“ನನ್ ಕಣ್ಣಿಗೆ ಅಂಬಾರಿ ಬೀಳ್ಲೇ ಇಲ್ವಲ್ಲೋ” ಎಂದಳು.

“ಪಟ ತಂದು ತೋರಿಸ್ತೀನಿ ಕಣಕ್ಕ. ಇದ್ದಂಗೇ ತೋರಿಸ್ತೀನಿ.”

ಮೈಸೂರಿನಲ್ಲಿ ಬೆಳಗಿನಿಂದ ಬಿಸಿಲಲ್ಲಿ ನಿಂತು ಆವಲಪ್ಪ ಜಾಗ ಹಿಡಿದ. ನಗಾರಿ ಮೊಳಗಿತು, ಕುದುರೆಗಳು ಬಂದವು, ಚಿನ್ನದ ಅಂಬಾರಿ ಹೊತ್ತ ಆನೆ ರಾಜಗಾಂಭೀರ್ಯದಿಂದ ತೂಗುತ್ತ ಬಂತು. ಕಿಟಕಿಯೊಳಗೆ ಎರಡು ಅಂಬಾರಿಗಳು ಒಂದಾದವು. ಅವನು ಒತ್ತಿದ, ಸುತ್ತಿದ, ಮತ್ತೆ ಒತ್ತಿದ. ರೀಲು ಮುಗಿಯುವವರೆಗೂ ಒತ್ತಿದ. ಮೆರವಣಿಗೆ ಸಾಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕೋಣವೆಂದು ಜೇಬಿಗೆ ಕೈಯಿಟ್ಟರೆ ಮುಚ್ಚಳವಿಲ್ಲ. ಕೆಳಗೆ ಬಿತ್ತೇನೋ ಎಂದು ಜನರ ಕಾಲುಗಳ ನಡುವೆ ಬಗ್ಗಿ ಹುಡುಕಿದ. ಕೊನೆಗೆ ಸಿಕ್ಕಿತು, ಲೆನ್ಸಿನ ಮೇಲೆಯೇ. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಮುಚ್ಚಳವಿದ್ದರೂ ಕಣ್ಣಿಗೆ ಎಲ್ಲವೂ ಕಾಣುವ ಜಾತಿಯ ಕ್ಯಾಮೆರಾ ಅದು. ರೀಲಿಗೆ ಮಾತ್ರ ಏನೂ ಕಂಡಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಪಟ ಮಾರುವವನು ಅವನ ಮುಖ ನೋಡಿ ಕರೆದ: “ಅಣ್ಣ, ಅಂಬಾರಿ ಪಟ ತಗೊಳ್ಳಿ. ನಾನೇ ತೆಗ್ದಿದ್ದು ಅನ್ನಿ, ಯಾರ್ಗೊತ್ತಾಗುತ್ತೆ?”

ಆವಲಪ್ಪ ಅದನ್ನು ಕೈಗೆತ್ತಿಕೊಂಡ. ಚೆನ್ನಾಗಿಯೇ ಇತ್ತು. ಅಕ್ಕನ ಕಣ್ಣರಳುವುದು ಕಂಡಂತಾಯಿತು, ‘ನೀನೇ ತೆಗ್ದಿದ್ದೇನೋ?’ ಎಂದು ಆಕೆ ಕೇಳುವುದೂ ಕೇಳಿಸಿತು. ಪಟವನ್ನು ಇದ್ದಲ್ಲೇ ಇಟ್ಟು ಬಸ್ಸು ಹತ್ತಿದ.

ನಡೆದದ್ದನ್ನು ಹೇಳಿದಾಗ ಅಕ್ಕ, “ತಪ್ಲೆ ಮುಚ್ಚಳ ತೆಗೀದೆ ಅನ್ನ ಬಡ್ಸಕ್ಕೋಗಿದ್ದೇನ್ಲಾ?” ಎಂದು ನಕ್ಕಳು. ನಕ್ಕು, ಗೋಡೆಯ ಕಡೆಗೆ ಹೊರಳಿದಳು. ಆ ಬೆನ್ನನ್ನು ಆವಲಪ್ಪ ಮರೆಯಲಿಲ್ಲ.

ಐದು ವರ್ಷ ಕಳೆದು ಅವನು ನಿವೃತ್ತನಾದ. ಲಗ್ಗೆರೆಯ ಬಾಡಿಗೆ ಮನೆ ಬಿಟ್ಟು ಹುಟ್ಟೂರು ಮಾದನಾಯಕನಹಳ್ಳಿಗೆ ಹೊರಡಲು ಹಟ ಹಿಡಿದು ವಿಜಯದಶಮಿಯನ್ನೇ ಗೊತ್ತುಮಾಡಿದ. ಹಸುವನ್ನು ಮುನ್ನಾದಿನವೇ ಊರಿಗೆ ಹೊಡೆಸಿದ್ದಾಯಿತು. ಮುಂಜಾನೆ ಲಾರಿ ತುಂಬಿತು, ಬಾಗಿಲಿಗೆ ಬೀಗ ಬಿತ್ತು. ಅಕ್ಕತಮ್ಮ ಮಾತ್ರ ಲಾರಿ ಹತ್ತಲಿಲ್ಲ.

“ಇದ್ಯಾಕಪ್ಪಾ?” ಎಂದಳು ಎದುರುಮನೆಯ ಭದ್ರಮ್ಮ.

“ಸಾಮಾನು ಊರಿಗೆ, ನಾವು ಮೈಸೂರಿಗೆ.”

“ಕ್ಯಾಮೆರಾ ಎಲ್ಲಿ?”

“ಟ್ರಂಕಲ್ಲೈತೆ ಕಣಮ್ಮ. ಇವತ್ತು ಕೈ ಅಕ್ಕನ್ನ ಇಡ್ಕಳಕ್ಕೆ ಬೇಕು.”

ಕೋಲೂರಿಕೊಂಡು ಆಗಲೇ ಬೀದಿಗಿಳಿದಿದ್ದ ಚಿಕ್ಕಮುನಿಯಮ್ಮ ತಿರುಗಿ ಗದರಿದಳು: “ಮಾತ್ ಸಾಕು ಬಾರ್ಲಾ, ಆನೆ ನಿನಗೋಸ್ಕರ ನಿಂತ್ಕತದಾ?”

ಬದಲಿಯನ್ನು ತಂದು ಅಸಲೆನ್ನಲು ಬಾರದ ಇಂಥವರ ಕೈಯಿಂದ, ಅವರನ್ನು ನಂಬಿದವರಿಗೆ ಸಲ್ಲಬೇಕಾದದ್ದು ತಡವಾಗಿಯೇ ಸಲ್ಲುತ್ತದೆ. ಆದರೆ ಸಂದಾಗ ಅದನ್ನು ಅಸಲೋ ಅಲ್ಲವೋ ಎಂದು ತಿರುವಿ ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಆವಲಪ್ಪ ಬೀಗದ ಕೈಯನ್ನು ಭದ್ರಮ್ಮನಿಗೆ ಕೊಟ್ಟು, ಓಡುಹೆಜ್ಜೆಯಲ್ಲಿ ಅಕ್ಕನನ್ನು ಕೂಡಿಕೊಂಡ.