ಪಟ್ಟಿಯಲ್ಲಿಲ್ಲದ ಕಾಲೇಜು

"ಈ ಕ್ಯಾಲೆಂಡರ್ ನಿಮಗೆ ಯಾರು ಕೊಟ್ರು ಮೇಡಂ?"

ಕೇಳಿದವನು ತಕ್ಕಡಿ ರಿಪೇರಿಯವನು. ಎದುರಿಗೆ ಕೂತಿದ್ದವರು ಕಾಲೇಜು ಸೇರುವ ಮಕ್ಕಳಿಗೆ ಸಲಹೆ ಕೊಡುವ ಮೇಡಂ. ಅವರ ಬೆನ್ನ ಹಿಂದಿನ ಕ್ಯಾಲೆಂಡರಿನಲ್ಲಿ ಕಾಲುವೆ ದಂಡೆಯ ಕಾಲೇಜಿನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಗಳಿಗೆ ಮೇಡಂ ಬರೆದುಕೊಟ್ಟ ಐದು ಕಾಲೇಜುಗಳ ಪಟ್ಟಿಯಲ್ಲಿ ಮೊದಲು ನಿಂತಿದ್ದೂ ಅದೇ ಹೆಸರು.

"ಎಲ್ಲಾ ಕಾಲೇಜಿನವರೂ ಕಳಿಸ್ತಾರೆ. ಇದರ ಕಾಗದ ಗಟ್ಟಿಯಾಗಿತ್ತು ಅಂತ ಹಾಕಿದೀನಿ," ಎಂದರು ಮೇಡಂ.

"ಓಹೋ," ಎಂದ ಅವನು. ಅವನ ಹೆಂಡತಿ ಬೈಗುಳಕ್ಕೂ ಹೆದರದವಳು, ಈ ಓಹೋಗೆ ಮಾತ್ರ ಹೆದರುತ್ತಾಳೆ. ಪಕ್ಕದ ಕುರ್ಚಿಯಲ್ಲಿದ್ದ ಮಗಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಇಪ್ಪತ್ತಾರು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಸರಿಮಾಡಿದವನು ಅವನು. ತಟ್ಟೆಯ ಅಡಿಗೆ ಮೆತ್ತಿದ ಮೇಣ, ಒಳಗೆ ಕೊರೆದು ಟೊಳ್ಳು ಮಾಡಿದ ತೂಕದ ಬಟ್ಟು, ಎಲ್ಲವನ್ನೂ ನೋಡಿ ನೋಡಿ ಮನುಷ್ಯರನ್ನೂ ಹಾಗೆಯೇ ನೋಡುವುದು ರೂಢಿಯಾಗಿಬಿಟ್ಟಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಹಾಲಿನವನ ಎದುರಿಗೇ ಆಡುವ ಜಾಯಮಾನ. ಯಾರು ಎಷ್ಟು ಎಂದರೂ ಮನಸ್ಸಿನಲ್ಲೇ ಒಂದಿಷ್ಟು ಕಳೆದು ಮಿಕ್ಕಿದ್ದನ್ನು ನಂಬುತ್ತಿದ್ದ. ಹೆಚ್ಚು ತೋರಿಸುವ ತಕ್ಕಡಿ ಕಳ್ಳ, ಕಡಿಮೆ ತೋರಿಸುವುದು ಬರೀ ಪೆದ್ದು ಎನ್ನುವುದು ಅವನ ಮನೆಯಲ್ಲಿ ಊಟದ ಜೊತೆಗೇ ಬಡಿಸುವ ಮಾತು.

ಅರ್ಜಿಗೆ ಅಂದು ಸಂಜೆ ಐದಕ್ಕೆ ಕೊನೆ. ವಾರ್ಷಿಕ ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಇನ್ನೂ ಒಂದು ತಿಂಗಳಿದೆ. ಅದಕ್ಕೆ ಮೊದಲೇ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿಕೊಂಡು ಐದು ಕಾಲೇಜು ಆರಿಸಿ ಬರೆಯಬೇಕು. ಬರೆಯದೆ ಬಿಟ್ಟ ಕಾಲೇಜು ಆಮೇಲೆ ನೂರಕ್ಕೆ ನೂರು ಬಂದರೂ ಸಿಗುವುದಿಲ್ಲ. ಮಗಳಿಗೆ ಎಂಟನೇ ತರಗತಿಯಿಂದಲೂ, ಗೋಪುರದಲ್ಲಿ ದೊಡ್ಡ ಗಡಿಯಾರವಿದ್ದು ಊರೆಲ್ಲ ಗಡಿಯಾರದ ಕಾಲೇಜು ಎಂದೇ ಕರೆಯುವ ಕಾಲೇಜಿನ ಮೇಲೆ ಕಣ್ಣು. ಅಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆಗೇ ಮೂರು ಮಹಡಿ ಇವೆಯಂತೆ ಎಂದು ಸಮಯ ಸಿಕ್ಕಾಗಲೆಲ್ಲ ಹೇಳುತ್ತಿದ್ದಳು. ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಇದ್ದ ಐದೂ, ಹೆಸರು ಹೇಳಿದರೆ "ಹೌದಾ, ಅಲ್ಲೂ ಒಂದು ಕಾಲೇಜಿದ್ಯಾ?" ಎಂದು ಜನ ಕೇಳುವಂಥವು.

ಹಿಂದಿನ ದಿನ ಅವನು ಕೆಲಸ ಬಿಟ್ಟು ಕಾಲುವೆ ದಂಡೆಗೆ ಹೋಗಿಯೂ ಬಂದಿದ್ದ. ಕಾಲೇಜಿನ ಕಾವಲುಗಾರನನ್ನು ಮಾತಿಗೆಳೆದು ಪ್ರಿನ್ಸಿಪಾಲರ ಹೆಂಡತಿಯ ತವರುಮನೆಯವರೆಗೂ ವಿಚಾರಿಸಿದ್ದ. ಮೇಡಂಗೂ ಅವರಿಗೂ ಒಂದೆಳೆ ನೆಂಟಸ್ತಿಕೆ ಸಿಕ್ಕಿರಲಿಲ್ಲ. ಸಿಗದೇ ಹೋದದ್ದರಿಂದಲೇ ಅನುಮಾನ ಇನ್ನೂ ಬಲವಾಯಿತು. ಇಷ್ಟು ಚೊಕ್ಕವಾಗಿ ಮುಚ್ಚಿಟ್ಟವರು ಸಾಮಾನ್ಯರಿರಲಾರರು ಎಂದುಕೊಂಡ.

"ಗಡಿಯಾರದ ಕಾಲೇಜು ಯಾಕೆ ಬಿಟ್ರಿ?" ಎಂದು ಈಗ ನೇರವಾಗಿಯೇ ಕೇಳಿದ.

"ಹೋದ ವರ್ಷ ಅಲ್ಲಿ ಕೊನೇ ಸೀಟು ಸಿಕ್ಕವರ ಸರಾಸರಿ ಎಂಬತ್ತೇಳು. ನಿಮ್ಮ ಮಗಳದ್ದು ಎಂಬತ್ತೊಂದು. ಮಕ್ಕಳು ಎಷ್ಟು ಹೇಳಿದ್ರೂ ಅದರಲ್ಲಿ ಮೂರು ಕಳೆದೇ ನಾನು ಲೆಕ್ಕ ಹಾಕೋದು. ಸುಮ್ನೆ ಆಸೆ ತೋರಿಸಿ ಬೀದಿಗೆ ಬಿಡಬಾರದಲ್ಲ. ಈ ಐದರಲ್ಲಿ ಒಂದಂತೂ ಸಿಕ್ಕೇ ಸಿಗತ್ತೆ."

"ನೀವೂ ಕಳೀತೀರಾ?" ಮೇಡಂ ಮೇಲೆ ಅವನಿಗೆ ಮೊದಲ ಸಲ ಕೊಂಚ ಗೌರವ ಹುಟ್ಟಿತು. ತೋರಿಸಿಕೊಳ್ಳಲಿಲ್ಲ. "ಎಂಬತ್ತೊಂದು ಅಂತ ಬರೆದಿರೋ ಕಾಗದ ಕೊಡಿ, ನೋಡೋಣ."

ಮಗಳು ತುಂಬಿಕೊಟ್ಟಿದ್ದ ಮಾಹಿತಿ ಹಾಳೆಯನ್ನು ಮೇಡಂ ಕಡತದಿಂದ ತೆಗೆದು ಕೊಟ್ಟರು. ಅವನು ಅದನ್ನು ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದ. ಒಮ್ಮೆ ಓರೆಯಾಗಿ, ಒಮ್ಮೆ ಹಿಂದುಮುಂದಾಗಿ. ಹೆಬ್ಬೆರಳಿನಿಂದ ಒಂದು ಜಾಗವನ್ನು ಸವರಿ ನೋಡಿದ.

"ಇದನ್ನ ಯಾರು ತಿದ್ದಿದ್ದು?"

"ಏನು ತಿದ್ದಿದ್ದು?"

"ಈ ಎಂಟರ ಅಡೀಲಿ ಒಂಬತ್ತಿದೆ. ಕೆಳಗಡೆ ಸುತ್ತು ಮುಚ್ಚಿ ಎಂಟು ಮಾಡಿದಾರೆ. ತಕ್ಕಡಿಯ ಒಡೆದ ಸೀಲನ್ನ ಮತ್ತೆ ಒತ್ತಿದ್ರೆ ಹೇಗಿರತ್ತೆ ಅಂತ ದಿನಾ ನೋಡೋನು ನಾನು. ನನ್ನ ಕಣ್ಣಿಗೇ ಮಣ್ಣೆರಚೋದಕ್ಕೆ ಬರ್ತೀರಾ ಮೇಡಂ?"

ಮೇಡಂ ಮುಖ ಕೆಂಪಾಯಿತು. ಏನೋ ಹೇಳಲು ಹೋದರು.

"ನಾನೇ ತಿದ್ದಿದ್ದು ಅಪ್ಪ," ಎಂದಳು ಮಗಳು.

ಕೈಯಲ್ಲಿ ಹಾಳೆ ಹಿಡಿದುಕೊಂಡೇ ಅವನು ತಿರುಗಿದ.

"ತೊಂಬತ್ತೊಂದು ಬಂದಿತ್ತು. ಹಾಗೇ ಬರೆದೆ. ಆಮೇಲೆ ಭಯ ಆಯ್ತು." ಅವಳು ಮೇಜಿನ ಅಂಚನ್ನು ನೋಡುತ್ತಾ ಮಾತಾಡಿದಳು. "ಹೋದ ವರ್ಷ ತೊಂಬತ್ತು ಬರತ್ತೆ ಅಂದಿದ್ದೆ, ಎಂಬತ್ನಾಲ್ಕು ಬಂತು. ನೀನು ಎಲ್ಲರ ಮುಂದೆ, ಇದು ಆರು ಹೆಚ್ಚು ತೋರಿಸೋ ತಕ್ಕಡಿ ಅಂದೆ. ಅತ್ತೆ ಇವತ್ತಿಗೂ ನನ್ನನ್ನ ತಕ್ಕಡಿ ಅಂತಾನೇ ಕರೀತಾರೆ. ಕಡಿಮೆ ಹೇಳಿದ್ರೆ ಯಾರೂ ಏನೂ ಅನ್ನಲ್ಲ ಅಲ್ವಾ? ಅದಕ್ಕೇ ಮನೇಲೂ ಎಂಬತ್ತೊಂದು ಅಂತಾನೇ ಹೇಳಿದೆ."

ಹೋದ ವರ್ಷದ ಆ ಮಧ್ಯಾಹ್ನ ಅವನಿಗೆ ಚೆನ್ನಾಗಿ ನೆನಪಿತ್ತು. ಮಗಳ ಚಿಕ್ಕಪ್ಪ, ಅತ್ತೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಗಳೂ ನಕ್ಕಳೆಂದೇ ಅವನು ಇಷ್ಟು ದಿನ ತಿಳಿದಿದ್ದ. ಮೇಡಂಗೆ ಕ್ಷಮಿಸಿ ಎನ್ನಬೇಕೋ, ಮಗಳಿಗೆ ಏನಾದರೂ ಹೇಳಬೇಕೋ ತಿಳಿಯದೆ ಬಂದು ಕುರ್ಚಿಯಲ್ಲಿ ಕೂತ.

ಮೇಡಂ ಗಡಿಯಾರ ನೋಡಿದರು. ನಾಲ್ಕೂ ಇಪ್ಪತ್ತು. "ತೊಂಬತ್ತೊಂದು ಅಂದ್ರೆ, ಮೂರು ಕಳೆದ್ರೂ ಎಂಬತ್ತೆಂಟು. ಗಡಿಯಾರದ್ದನ್ನ ಮೊದಲಿಗೇ ಹಾಕೋಣ. ಕಾಲುವೆ ದಂಡೆಯದು ಕೊನೇಲಿರಲಿ, ಕೈ ಬಿಡಬಾರದು. ಉತ್ತರಪತ್ರಿಕೆ ತಂದಿದೀಯಾ ಮಗೂ?"

ಮಗಳು ಚೀಲದಿಂದ ಮೂರು ಉತ್ತರಪತ್ರಿಕೆ ತೆಗೆದು ಮೇಜಿನ ಮೇಲಿಟ್ಟಳು. ತೊಂಬತ್ತು, ಎಂಬತ್ತೆಂಟು, ತೊಂಬತ್ತೈದು; ಸರಾಸರಿ ತೊಂಬತ್ತೊಂದು. ಮೇಡಂ ಮೇಲಿನ ಅಂಕಗಳನ್ನಷ್ಟೇ ನೋಡಿ, ತಲೆಯಾಡಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ," ಎಂದ ಅವನು.

ತಪ್ಪಾಯ್ತು ಮಗಳೇ ಎನ್ನಬೇಕೆಂದೇ ಬಾಯಿ ತೆರೆದಿದ್ದ. ಆದರೆ ಕೈ ಅಷ್ಟರಲ್ಲೇ ಉತ್ತರಪತ್ರಿಕೆಗಳನ್ನು ಎಳೆದುಕೊಂಡಿತ್ತು. ಮೊದಲನೆಯದನ್ನು ಬಿಡಿಸಿ, ಒಂದೊಂದು ಪ್ರಶ್ನೆಯ ಪಕ್ಕದ ಕೆಂಪು ಅಂಕವನ್ನೂ ಬೆರಳಿಟ್ಟು ಕೂಡಿಸತೊಡಗಿದ. ನಾಲ್ಕು, ಏಳು, ಹನ್ನೆರಡು. ಮಗಳು ಒಂದು ಪುಟ ಮುಗಿಯುವವರೆಗೆ ಆ ಬೆರಳನ್ನೇ ನೋಡಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಮೊದಲನೆಯದು ಸರಿ ಇತ್ತು. ಎರಡನೆಯದೂ ಸರಿ. ಮೂರನೆಯದು ತೊಂಬತ್ತನಾಲ್ಕೇ ಬಂತು. ಮತ್ತೆ ಮೊದಲಿನಿಂದ ಕೂಡಿಸಿದ, ತೊಂಬತ್ತೈದು ಬಂತು. ಎಡವಿದ್ದು ತಾನೇ.

"ಸರಿಯಾಗಿದೆ," ಎಂದು ಪಕ್ಕಕ್ಕೆ ತಿರುಗಿದ. ಕುರ್ಚಿ ಖಾಲಿಯಿತ್ತು. "ಸರಿಯಾಗಿದೆ ಮೇಡಂ, ಬರೀರಿ."

ಮೇಡಂ ಆಗಲೇ ಬರೆದು ಮುಗಿಸಿದ್ದರು.

ಉತ್ತರಪತ್ರಿಕೆಗಳನ್ನು ಹಿಡಿದು ಅವನು ಹೊರಗೆ ಬಂದಾಗ ಮಗಳು ಪಡಸಾಲೆಯ ಕಂಬಿಗೆ ಒರಗಿ ನಿಂತಿದ್ದಳು. ಕೆಳಗೆ ಯಾರೋ ಸೈಕಲ್ಲಿನ ಬೀಗದ ಜೊತೆ ಗುದ್ದಾಡುತ್ತಿದ್ದರು.

"ಬರೆದ್ರು. ಗಡಿಯಾರದ್ದೇ ಮೊದಲನೇದು."

"ಹೂಂ."

"ನಿನ್ನ ಮೇಲೆ ಅನುಮಾನ ಅಲ್ಲ ಕಣೇ. ಕೂಡಿಸೋವಾಗ ಮೇಷ್ಟ್ರುಗಳೇ ಒಂದೊಂದ್ಸಲ..."

"ಎಷ್ಟು ಸಲ ಕೂಡಿಸಿದೆ?"

"ಒಂದೇ ಸಲ," ಎಂದ ಅವನು.

ಮಗಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಉತ್ತರಪತ್ರಿಕೆಗಳಿಗೆ ಕೈ ಚಾಚಿದಳು. ಅವನು ಕೊಟ್ಟ. ಅವಳು ಅವುಗಳನ್ನು ಕಂಬಿಯ ಮೇಲಿಟ್ಟುಕೊಂಡು, ಮೂರೂ ಇವೆಯೇ, ಪುಟಗಳೆಲ್ಲ ಸರಿಯಾಗಿವೆಯೇ ಎಂದು ಒಂದೊಂದಾಗಿ ತಿರುವಿ ನೋಡಿ ಚೀಲದೊಳಗೆ ಹಾಕಿಕೊಂಡಳು.